ಗುಂಡಿನ ಆಟದಲ್ಲಿ ಕಥೆ ಎಲ್ಲಿರುತ್ತದೆ? – ‘ಹಾಫ್-ಲೈಫ್’ ಕುರಿತು ಓದುಗರ ಪ್ರಶ್ನೆಗಳು

ವೈಜ್ಞಾನಿಕ ಕಥೆಯುಳ್ಳ ಕಂಪ್ಯೂಟರ್ ಆಟಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಬೇಕೆಂದು ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ವಾಲ್ವ್ ಸಂಸ್ಥೆ 1998ರಲ್ಲಿ ಹೊರತಂದ ‘ಹಾಫ್-ಲೈಫ್’ ಮತ್ತು 2004ರಲ್ಲಿ ಹೊರತಂದ ‘ಹಾಫ್-ಲೈಫ್ 2’ ಆಟಗಳನ್ನು ಕುರಿತೇ ಇದ್ದುದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ. ಉತ್ತರಗಳಲ್ಲಿ ಕಥೆಯ ತಿರುವುಗಳು ಬಯಲಾಗುತ್ತವೆ. ಆಟವನ್ನು ಇನ್ನೂ ಆಡದೆ ಇರುವವರು, ಆಡುವ ಮನಸ್ಸಿದ್ದರೆ, ಮೂರನೆಯ ಭಾಗದ ಬಗೆಗಿನ ಪ್ರಶ್ನೆಯನ್ನಾದರೂ ಬಿಟ್ಟು ಓದುವುದು ಒಳ್ಳೆಯದು.

ಪ್ರಶ್ನೆ: ‘ಹಾಫ್-ಲೈಫ್’ನಲ್ಲಿ ಕಥೆ ತುಂಬ ಚೆನ್ನಾಗಿದೆ ಎಂದು ಗೆಳತಿಯರು ಹೇಳಿದ್ದನ್ನು ನಂಬಿ ಆಡಿದೆ. ಆದರೆ ಕಥೆಯನ್ನು ಯಾರೂ ಹೇಳಲೇ ಇಲ್ಲ. ಬಂದೂಕು ಹಿಡಿದು ಓಡಾಡುವ ಆಟದಲ್ಲಿ ಕಥೆಗೆ ನಿಜವಾಗಿ ಜಾಗವಿದೆಯೇ? ನನ್ನ ಕಣ್ಣಿಗೆ ಬೀಳದೆ ಹೋದದ್ದು ಏನು?
– ಕನ್ನಡ ಎಂ.ಎ. ವಿದ್ಯಾರ್ಥಿನಿ, ಮೈಸೂರು

ಉತ್ತರ: ‘ಕಥೆಯನ್ನು ಯಾರೂ ಹೇಳಲೇ ಇಲ್ಲ’ ಎಂಬ ನಿಮ್ಮ ದೂರಿನಲ್ಲಿಯೇ ಈ ಆಟದ ಹೆಚ್ಚುಗಾರಿಕೆ ಅಡಗಿದೆ. ನಿಮ್ಮ ಕಣ್ಣಿಗೆ ಏನೂ ಬೀಳದೆ ಹೋಗಿಲ್ಲ. ಬಿದ್ದದ್ದನ್ನು ನೀವು ಕಥೆಯೆಂದು ಎಣಿಸಿರಲಿಕ್ಕಿಲ್ಲ, ಅಷ್ಟೆ.

1998ಕ್ಕೆ ಮುಂಚಿನ ಇಂಥ ಆಟಗಳಲ್ಲಿ ಕಥೆ ಎಂಬುದು ಬಹುಮಟ್ಟಿಗೆ ಆಟದ ಡಬ್ಬಿಯೊಳಗಿನ ಕೈಪಿಡಿಯಲ್ಲೋ, ಎರಡು ಹಂತಗಳ ನಡುವೆ ತೆರೆಯ ಮೇಲೆ ಮೂಡುವ ನಾಲ್ಕಾರು ಸಾಲುಗಳಲ್ಲೋ ಇರುತ್ತಿತ್ತು. ಇನ್ನು ಕೆಲವು ಆಟಗಳು ಆಟಗಾರನ ಕೈಯಿಂದ ನಿಯಂತ್ರಣವನ್ನು ಕಸಿದುಕೊಂಡು, ಚಿಕ್ಕದೊಂದು ಚಲನಚಿತ್ರವನ್ನು ತೋರಿಸಿ, ಮುಗಿದ ಮೇಲೆ ಅದನ್ನು ಹಿಂದಿರುಗಿಸುತ್ತಿದ್ದವು. ‘ಹಾಫ್-ಲೈಫ್’ ಈ ಎರಡು ದಾರಿಗಳನ್ನೂ ತೊರೆಯಿತು. ಮೊದಲಿನಿಂದ ಕೊನೆಯವರೆಗೆ ನೀವು ಗಾರ್ಡನ್ ಫ್ರೀಮನ್ ಎಂಬ 27 ವರ್ಷದ ಭೌತವಿಜ್ಞಾನಿಯ ಕಣ್ಣುಗಳಿಂದಲೇ ಲೋಕವನ್ನು ನೋಡುತ್ತೀರಿ; ಆ ಕಣ್ಣುಗಳನ್ನು ನಿಮ್ಮಿಂದ ಕಿತ್ತುಕೊಂಡು ‘ಈಗ ಇದನ್ನು ನೋಡಿ’ ಎಂದು ಆಟ ಎಂದೂ ಹೇಳುವುದಿಲ್ಲ. ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ ಇದು ಭಾಗವತರಿಲ್ಲದ ಪ್ರಸಂಗ. ಪದ್ಯ ಹೇಳಿ ಸಂದರ್ಭವನ್ನು ಕಟ್ಟಿಕೊಡುವವರು ಯಾರೂ ಇಲ್ಲದಿರುವುದರಿಂದ ಆ ಹೊಣೆ ರಂಗಸ್ಥಳದ ಮೇಲೆಯೇ ಬೀಳುತ್ತದೆ. ಗೋಡೆ, ಬಾಗಿಲು, ಮುರಿದ ಏಣಿ, ದೂರದಲ್ಲಿ ಕೇಳಿಸುವ ಕೂಗು, ಇವೇ ಇಲ್ಲಿ ಪದ್ಯ ಹೇಳುತ್ತವೆ.

ಆರಂಭವನ್ನು ನೆನಪಿಸಿಕೊಳ್ಳಿ. ನ್ಯೂ ಮೆಕ್ಸಿಕೊದ ಮರುಭೂಮಿಯಡಿ ಹುದುಗಿರುವ ಬ್ಲ್ಯಾಕ್ ಮೆಸಾ ಎಂಬ ಕಲ್ಪಿತ ಸಂಶೋಧನಾ ಕೇಂದ್ರದೊಳಗೆ, ಹಳಿಗೆ ತೂಗುಬಿಟ್ಟ ಪುಟ್ಟ ಡಬ್ಬಿಯಂಥ ಗಾಡಿಯಲ್ಲಿ ಗಾರ್ಡನ್ ಕೆಲಸಕ್ಕೆ ಹೊರಟಿದ್ದಾನೆ. ಸುಮಾರು ಐದು ನಿಮಿಷ ನಡೆಯುವ ಈ ಪ್ರಯಾಣದಲ್ಲಿ ಆಟಗಾರ ಡಬ್ಬಿಯೊಳಗೆ ಓಡಾಡಿ ಕಿಟಕಿಯಿಂದ ಹೊರಗೆ ನೋಡಬಹುದೇ ಹೊರತು ಬೇರೇನನ್ನೂ ಮಾಡಲಾಗದು. ಧ್ವನಿವರ್ಧಕ ದಿನದ ಸೂಚನೆಗಳನ್ನು ಓದುತ್ತದೆ, ಯಂತ್ರಗಳು ಭಾರ ಎತ್ತುತ್ತಿವೆ, ಬಾಗಿಲೊಂದರ ಮುಂದೆ ನಿಂತ ಕಾವಲುಗಾರ ಅದನ್ನು ತಟ್ಟುತ್ತಿದ್ದಾನೆ. ಗುಂಡು ಹಾರಿಸುವ ಆತುರದಲ್ಲಿ ಬಂದವರಿಗೆ ಇದು ಬೇಸರ ತರಿಸಬಹುದು. ಆದರೆ ಮುಂದೆ ನಾಶವಾಗಲಿರುವುದು ಯಾವುದು ಎಂಬುದನ್ನು ಮೊದಲೇ, ಅದು ಸಹಜವಾಗಿ ನಡೆಯುತ್ತಿದ್ದಾಗಲೇ, ತೋರಿಸಿಬಿಡುವ ಜಾಣ್ಮೆ ಇಲ್ಲಿದೆ. ಗಾಡಿಯಿಂದಿಳಿದ ಗಾರ್ಡನ್ ಸಹೋದ್ಯೋಗಿಗಳನ್ನು ದಾಟಿ, ರಕ್ಷಣಾ ಕವಚವನ್ನು ತೊಟ್ಟು, ಪ್ರಯೋಗದ ಕೋಣೆಗೆ ಹೋಗಿ ಅಪರಿಚಿತ ಸ್ಫಟಿಕವೊಂದನ್ನು ಕಿರಣದೊಳಕ್ಕೆ ತಳ್ಳುತ್ತಾನೆ. ಪ್ರಯೋಗ ಕೈಮೀರುತ್ತದೆ, ಜೆನ್ ಎಂಬ ಇನ್ನೊಂದು ಲೋಕದ ಜೀವಿಗಳು ಒಳನುಗ್ಗುತ್ತವೆ. ಗಮನಿಸಿ, ಸ್ಫಟಿಕವನ್ನು ತಳ್ಳಿದವರು ನೀವು. ಆಟ ನಿಮ್ಮನ್ನು ಬೈಯುವುದಿಲ್ಲ, ಆದರೆ ತಳ್ಳಿದ್ದು ನಿಮ್ಮದೇ ಕೈ.

ಆಮೇಲೆ ಹಿಂದಿರುಗಬೇಕಾದದ್ದು ಬಂದ ದಾರಿಯಲ್ಲೇ. ಹತ್ತು ನಿಮಿಷದ ಹಿಂದೆ ಮಾತಾಡಿಸಿದವರು ಬಿದ್ದಿದ್ದಾರೆ, ದೀಪಗಳು ಮಿಣುಕುತ್ತಿವೆ, ಒಬ್ಬ ವಿಜ್ಞಾನಿ ಇನ್ನೊಬ್ಬನ ಎದೆಯನ್ನು ಒತ್ತಿ ಉಸಿರು ಬರಿಸಲು ಯತ್ನಿಸುತ್ತಿದ್ದಾನೆ. ಒಂದೇ ಓಣಿಯನ್ನು ಎರಡು ಸಲ ನಡೆಯಿಸಿ, ಎರಡು ನಡಿಗೆಗಳ ನಡುವಿನ ವ್ಯತ್ಯಾಸದಲ್ಲಿ ಕಥೆಯನ್ನು ಇಡುವ ಈ ಕೌಶಲಕ್ಕೆ ಒಂದು ಸಾಲಿನ ನಿರೂಪಣೆಯೂ ಬೇಕಾಗಿಲ್ಲ. ಸೈನ್ಯ ಬರುತ್ತಿದೆ, ನಮ್ಮನ್ನು ಉಳಿಸುತ್ತದೆ ಎಂದು ಬದುಕುಳಿದವರೆಲ್ಲ ಹೇಳುತ್ತಿರುತ್ತಾರೆ. ಸೈನ್ಯ ಬಂದೇ ಬರುತ್ತದೆ. ಉಳಿದೆವೆಂಬ ಸಂತೋಷದಿಂದ ಸೈನಿಕನತ್ತ ಓಡಿದ ವಿಜ್ಞಾನಿಯನ್ನು ಆ ಸೈನಿಕ ಗುಂಡಿಕ್ಕಿ ಕೊಲ್ಲುತ್ತಾನೆ. ನಡೆದದ್ದನ್ನು ಮುಚ್ಚಿಹಾಕಲು ಸರ್ಕಾರ ಸಾಕ್ಷಿಗಳನ್ನು ಅಳಿಸುತ್ತಿದೆ ಎಂಬ ಸಂಗತಿ ನಿಮಗೆ ತಿಳಿಯುವುದು ಹೀಗೆ, ಕೆಲವು ಮಾರು ದೂರದಲ್ಲಿ ನಿಂತು ನೋಡಿದವರಂತೆ.

‘ಹಾಫ್-ಲೈಫ್ 2’ ಇದೇ ಕ್ರಮವನ್ನು ಒಂದು ಇಡೀ ನಗರಕ್ಕೆ ವಿಸ್ತರಿಸಿತು. ಇಲ್ಲಿಯೂ ಕಥೆ ಗಾಡಿಯಲ್ಲೇ ಆರಂಭವಾಗುತ್ತದೆ, ಆದರೆ ಈ ಸಲ ಅದು ರೈಲು. ಇಳಿಯುವ ಊರಿನ ಹೆಸರು ಸಿಟಿ 17. ವರ್ಷಗಳು ಕಳೆದಿವೆ, ಕಂಬೈನ್ ಎಂಬ ಅನ್ಯಲೋಕದ ಸಾಮ್ರಾಜ್ಯ ಏಳೇ ಗಂಟೆಗಳ ಯುದ್ಧದಲ್ಲಿ ಭೂಮಿಯನ್ನು ಗೆದ್ದಿದೆ. ಬಲ್ಗೇರಿಯದಲ್ಲಿ ಹುಟ್ಟಿದ ಕಲಾ ನಿರ್ದೇಶಕ ವಿಕ್ಟರ್ ಆಂಟೊನೊವ್ ಅವರು ಪೂರ್ವ ಯುರೋಪಿನ ನಗರಗಳ ಚಹರೆಯನ್ನು ಈ ಊರಿಗೆ ಕೊಟ್ಟರು. ಸವೆದ ಹಳೆಯ ಕಟ್ಟಡಗಳ ನಡುವೆ ಕಪ್ಪು ಲೋಹದ ಅನ್ಯ ಗೋಪುರವೊಂದು ಮುಗಿಲಿಗೆ ಎದ್ದು ನಿಂತಿರುವ ನೋಟವೇ ಯಾರು ಆಳುವವರು, ಯಾರು ಆಳಿಸಿಕೊಳ್ಳುವವರು ಎಂಬುದನ್ನು ಹೇಳಿಬಿಡುತ್ತದೆ. ನಿಲ್ದಾಣದಲ್ಲಿ ಮುಖಗವಸು ತೊಟ್ಟ ಪೊಲೀಸನೊಬ್ಬ ನಿಮ್ಮೆದುರಿಗೇ ಖಾಲಿ ಡಬ್ಬಿಯೊಂದನ್ನು ನೆಲಕ್ಕೆ ಕೆಡವಿ, ಅದನ್ನೆತ್ತಿ ಕಸದ ತೊಟ್ಟಿಗೆ ಹಾಕು ಎಂದು ಆಜ್ಞೆ ಮಾಡುತ್ತಾನೆ. ವಸ್ತುಗಳನ್ನು ಎತ್ತುವುದು, ಎಸೆಯುವುದು ಹೇಗೆಂದು ಕಲಿಸುವ ಪಾಠವೂ ಅದೇ, ಆಕ್ರಮಿತ ಊರಿನಲ್ಲಿ ಬದುಕುವ ಅವಮಾನದ ಚಿತ್ರವೂ ಅದೇ. ಡಬ್ಬಿಯನ್ನು ತೊಟ್ಟಿಗೆ ಹಾಕಬಹುದು, ಅವನ ಮುಖಕ್ಕೇ ಎಸೆದು ಏಟು ತಿನ್ನಲೂಬಹುದು. ಎರಡರಲ್ಲಿ ಯಾವುದನ್ನು ಮಾಡಿದರೂ ನೀವೀಗ ಆ ಊರಿನವರು.

ಊರಿನಲ್ಲಿ ಮಕ್ಕಳಿಲ್ಲ. ಮಕ್ಕಳ ಆಟದ ಬಯಲೊಂದು ಬರಿದಾಗಿ ಬಿದ್ದಿದೆ, ಅದನ್ನು ಯಾರೂ ಬೊಟ್ಟುಮಾಡಿ ತೋರಿಸುವುದಿಲ್ಲ. ಭೂಮಿಯ ಪರವಾಗಿ ಶರಣಾಗಿ ಈಗ ಕಂಬೈನ್‌ಗಳ ಆಡಳಿತಾಧಿಕಾರಿಯಾಗಿರುವ ಡಾಕ್ಟರ್ ಬ್ರೀನ್ ದೊಡ್ಡ ಪರದೆಗಳ ಮೇಲೆ ನಾಗರಿಕನೊಬ್ಬನ ಪತ್ರವನ್ನು ಓದಿ ಉತ್ತರಿಸುತ್ತಾನೆ: ನಮ್ಮ ಸಂತಾನಶಕ್ತಿಯನ್ನು ಏಕೆ ತಡೆಹಿಡಿಯಲಾಗಿದೆ ಎಂಬುದು ಆ ಪತ್ರದ ಪ್ರಶ್ನೆ. ಆ ಪರದೆಯೆದುರು ನಿಂತು ಕೇಳಿದವರಿಗೆ ಬರಿದಾದ ಬಯಲಿನ ಅರ್ಥ ಆಗುತ್ತದೆ. ನಿಲ್ಲದೆ ಹೋದವರಿಗೆ ಕಾರಣ ತಿಳಿಯದ ಒಂದು ಕಳವಳ ಮಾತ್ರ ಉಳಿಯುತ್ತದೆ. ಮುಂದೆ ಕರಾವಳಿಯ ದಾರಿಯಲ್ಲಿ ಕಡಲು ತನ್ನ ಹಳೆಯ ದಂಡೆಯಿಂದ ಹಿಂದೆ ಸರಿದಿರುವುದನ್ನೂ, ದೋಣಿಗಳು ಒಣನೆಲದ ಮೇಲೆ ವಾಲಿರುವುದನ್ನೂ ಕಾಣುತ್ತೀರಿ. ಇನ್ನೊಮ್ಮೆ ಆಡುವಾಗ ಓಡದೆ ನಡೆಯಿರಿ. ಕಥೆಗೆ ಜಾಗವಿದೆಯೇ ಎಂದು ಕೇಳಿದ್ದೀರಿ. ಈ ಆಟದ ಮಟ್ಟಿಗೆ ಜಾಗವೇ ಕಥೆ.

ಪ್ರಶ್ನೆ: ಗಾರ್ಡನ್ ಫ್ರೀಮನ್ ಒಂದು ಮಾತನ್ನೂ ಆಡುವುದಿಲ್ಲ. ಕಥಾನಾಯಕನೇ ಮೂಕನಾದರೆ ಪಾತ್ರ ಬೆಳೆಯುವುದು ಹೇಗೆ? ಇದು ತಯಾರಕರ ಸೋಮಾರಿತನವಲ್ಲವೇ?
– ಸಾಫ್ಟ್‌ವೇರ್ ಎಂಜಿನಿಯರ್, ಮಂಗಳೂರು

ಉತ್ತರ: ಸೋಮಾರಿತನವಲ್ಲ. ನಾಯಕ ಮಾತಾಡದಿದ್ದರೆ ಸುತ್ತಲಿನ ಎಲ್ಲರಿಗೂ ಹೆಚ್ಚು ಕೆಲಸ ಬೀಳುತ್ತದೆ. ಆಟದ ಕಥೆಯನ್ನು ಬರೆದ ಮಾರ್ಕ್ ಲೈಡ್‌ಲಾ ಅವರು ವಾಲ್ವ್ ಸೇರುವ ಮೊದಲೇ ಕಾದಂಬರಿಕಾರರಾಗಿದ್ದವರು. ಅವರಿಗೆ ಸಂಭಾಷಣೆ ಬರೆಯಲು ಬಾರದೆ ನಾಯಕನ ಬಾಯಿ ಮುಚ್ಚಿಸಿದರು ಎನ್ನುವಂತಿಲ್ಲ. ಗಾರ್ಡನ್ ಬಾಯಿ ತೆರೆದು ‘ನನಗೆ ಭಯವಾಗುತ್ತಿದೆ’ ಎಂದ ಕ್ಷಣವೇ, ಭಯವಾಗದೆ ಇದ್ದ ಆಟಗಾರ ಅವನಿಂದ ಬೇರೆಯಾಗಿಬಿಡುತ್ತಾನೆ. ಅವನು ಸುಮ್ಮನಿದ್ದಷ್ಟು ಕಾಲ ನಿಮಗೆ ಅನ್ನಿಸಿದ್ದೇ ಅವನಿಗೂ ಅನ್ನಿಸುತ್ತದೆ.

ಪಾತ್ರ ಬೆಳೆಯುವುದು ಬೇರೆಯವರ ಮೂಲಕ. ಎರಡನೆಯ ಆಟದಲ್ಲಿ ಅಲಿಕ್ಸ್ ವ್ಯಾನ್ಸ್ ಎಂಬ ಯುವತಿ ಗಾರ್ಡನ್‌ನನ್ನು ಮೊದಲ ಸಲ ಕಂಡಾಗ, ನೀವು ಹೆಚ್ಚು ಮಾತಾಡುವವರಲ್ಲ ಎಂದು ನಗುತ್ತಾಳೆ. ಅವಳ ತಂದೆ ಈಲೈ, ಹಳೆಯ ಪ್ರಯೋಗಾಲಯದ ಕಾವಲುಗಾರ ಬಾರ್ನಿ, ಮರೆವಿನ ಡಾಕ್ಟರ್ ಕ್ಲೈನರ್, ಇವರೆಲ್ಲ ತಮ್ಮ ಹಳೆಯ ಗೆಳೆಯನನ್ನು ಕಂಡವರಂತೆ ನಿಮ್ಮ ಕಣ್ಣನ್ನೇ ನೋಡಿ ಮಾತಾಡುತ್ತಾರೆ. ಈ ‘ಕಣ್ಣನ್ನು ನೋಡುವುದು’ 2004ರಲ್ಲಿ ಸಣ್ಣ ಸಾಧನೆಯಾಗಿರಲಿಲ್ಲ. ಮುಖದ ಸ್ನಾಯುಗಳಿಗೂ ಭಾವಗಳಿಗೂ ಇರುವ ಸಂಬಂಧವನ್ನು ಕುರಿತು ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ನಡೆಸಿದ ಅಧ್ಯಯನವನ್ನು ಆಧಾರವಾಗಿಟ್ಟುಕೊಂಡು ವಾಲ್ವ್ ಈ ಮುಖಗಳನ್ನು ಕಟ್ಟಿತು. ಈಲೈಯ ಧ್ವನಿ ನಟ ರಾಬರ್ಟ್ ಗಿಯೋಮ್ ಅವರದು. ಮಗಳ ಬಗ್ಗೆ ಹೇಳುವಾಗ ಆ ಧ್ವನಿ ಮೆತ್ತಗಾಗುವುದನ್ನು ಕೇಳಿದರೆ, ಉತ್ತರ ಕೊಡದೆ ನಿಂತ ನಾವೂ ಆ ಮನೆಯವರೇ ಅನ್ನಿಸುತ್ತದೆ.

ನಿಮ್ಮ ಆಕ್ಷೇಪಣೆಯಲ್ಲಿ ಒಂದು ಸತ್ಯಾಂಶವನ್ನು ಒಪ್ಪಬೇಕು. ಎಲ್ಲರೂ ಗಾರ್ಡನ್‌ನನ್ನು ಹೊಗಳುತ್ತಾರೆ, ಎಲ್ಲರೂ ಅವನಿಗೆ ದಾರಿ ಹೇಳುತ್ತಾರೆ, ಅವನು ಯಾರಿಗೂ ಇಲ್ಲ ಎನ್ನಲಾರ. ಆದರೆ ಈ ಕೊರತೆಯನ್ನು ಕಥೆ ತಾನೇ ಎತ್ತಿಕೊಂಡಿದೆ. ಸೂಟು ತೊಟ್ಟು ಕೈಪೆಟ್ಟಿಗೆ ಹಿಡಿದು ದೂರದಿಂದ ನೋಡುತ್ತಿರುವ, ಜಿ-ಮ್ಯಾನ್ ಎಂದು ಆಟಗಾರರು ಕರೆಯುವ ವ್ಯಕ್ತಿ ಮೊದಲ ಆಟದ ಕೊನೆಯಲ್ಲಿ ಗಾರ್ಡನ್‌ಗೆ ಒಂದು ಉದ್ಯೋಗದ ಆಯ್ಕೆ ಕೊಡುತ್ತಾನೆ, ನಿರಾಕರಿಸಿದರೆ ಸಾವು. ಎರಡನೆಯದರ ಕೊನೆಯಲ್ಲಿ ಆಯ್ಕೆಯ ನಟನೆಯೂ ಬೇಡವೆಂದು ತಾನೇ ತೀರ್ಮಾನಿಸಿಬಿಡುತ್ತಾನೆ. ಮಾತಿಲ್ಲದವನನ್ನು ಇನ್ನೊಬ್ಬ ಹೇಗೆ ಬಳಸಿಕೊಳ್ಳಬಹುದು ಎಂಬುದೇ ಈ ಕಥೆಯ ಬೆನ್ನೆಲುಬು ಎಂದು ನನ್ನ ಓದು.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಈ ಆಟದಲ್ಲಿ ನಿಜವಾದ ವಿಜ್ಞಾನ ಎಷ್ಟಿದೆ? ಮಕ್ಕಳು ‘ರೆಸೊನೆನ್ಸ್ ಕ್ಯಾಸ್ಕೇಡ್’ ಎಂದರೇನು ಎಂದು ಕೇಳುತ್ತಾರೆ.
– ಶಿಕ್ಷಕರು, ಚಿತ್ರದುರ್ಗ

ಉತ್ತರ: ಆ ಹೆಸರಿನ ವಿದ್ಯಮಾನ ಭೌತಶಾಸ್ತ್ರದಲ್ಲಿ ಇಲ್ಲ, ಸ್ಫಟಿಕದ ಪ್ರಯೋಗ ಕೈಮೀರಿ ಆದ ದುರಂತಕ್ಕೆ ಆಟ ಕಲ್ಪಿಸಿಕೊಂಡ ಹೆಸರು ಅದು. ಆದರೆ ಅದರ ಎರಡು ಪದಗಳೂ ನಿಜವಾದ ವಿಜ್ಞಾನದಿಂದ ಬಂದವು. ವಸ್ತುವಿನ ಸಹಜ ಆವೃತ್ತಿಗೆ ಹೊಂದುವಂತೆ ತಳ್ಳುತ್ತ ಹೋದರೆ ಕಂಪನ ಬೆಳೆಯುತ್ತ ಹೋಗುವುದು ಅನುರಣನ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳುವ ಮಗುವಿಗೆ ಇದು ಗೊತ್ತು. ಒಂದು ಕುಸಿತ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಕಾರಣವಾಗುತ್ತ ಹಬ್ಬುವುದು ಎರಡನೆಯ ಪದದ ಅರ್ಥ. ವಿದ್ಯುತ್ ಜಾಲದ ಒಂದು ಮಾರ್ಗ ಕಡಿದು ಉಳಿದವುಗಳ ಮೇಲೆ ಭಾರ ಬಿದ್ದು ಸಾಲಾಗಿ ಎಲ್ಲವೂ ನಿಲ್ಲುವುದು ಅದಕ್ಕೆ ಉದಾಹರಣೆ. ಎರಡನ್ನೂ ಜೋಡಿಸಿ ಲೋಕಗಳ ನಡುವಿನ ಗೋಡೆ ಒಡೆಯಿತು ಎನ್ನುವುದು ಕಥೆಗಾರರ ಸ್ವಾತಂತ್ರ್ಯ.

ತರಗತಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಆಟದ ಹೆಸರಿನಲ್ಲೇ ಇದೆ. ವಿಕಿರಣಶೀಲ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲವೇ ಹಾಫ್-ಲೈಫ್, ನಮ್ಮ ಪಠ್ಯಗಳ ‘ಅರ್ಧಾಯುಷ್ಯ’. ಗಾರ್ಡನ್‌ನ ಕವಚದ ಎದೆಯ ಮೇಲಿರುವ ಗ್ರೀಕ್ ಅಕ್ಷರ ಲ್ಯಾಂಬ್ಡಾ, ಕ್ಷಯದ ದರವನ್ನು ಸೂಚಿಸುವ ಸ್ಥಿರಾಂಕದ ಚಿಹ್ನೆ. 0.693 ಅನ್ನು ಲ್ಯಾಂಬ್ಡಾದಿಂದ ಭಾಗಿಸಿದರೆ ಅರ್ಧಾಯುಷ್ಯ ಸಿಗುತ್ತದೆ. ಇಂಗಾಲ-14ಕ್ಕೆ ಅದು ಸುಮಾರು 5,730 ವರ್ಷ. ಎರಡನೆಯ ಆಟದಲ್ಲಿ ಕಂಬೈನ್‌ಗಳ ವಿರುದ್ಧ ಹೋರಾಡುವವರು ತಮ್ಮ ಅಡಗುತಾಣಗಳ ಗೋಡೆಯ ಮೇಲೆ ಬಳಿಯುವುದೂ ಇದೇ ಅಕ್ಷರವನ್ನು. ಮೊದಲ ಆಟಕ್ಕೆ ಗೇರ್‌ಬಾಕ್ಸ್ ಸಂಸ್ಥೆ ಕಟ್ಟಿದ ಪೂರಕ ಭಾಗಗಳ ಹೆಸರುಗಳು ಕೂಡ ಹೀಗೆಯೇ: 1999ರ ‘ಅಪೋಸಿಂಗ್ ಫೋರ್ಸ್’ ಎಂದರೆ ವಿರುದ್ಧ ಬಲ, 2001ರ ‘ಬ್ಲೂ ಶಿಫ್ಟ್’ ಎಂದರೆ ಸಮೀಪಿಸುವ ಆಕರದ ಬೆಳಕಿನ ನೀಲಿ ಪಲ್ಲಟ, ಅದೇ ವರ್ಷದ ‘ಡಿಕೇ’ ಎಂದರೆ ಕ್ಷಯ. ಮೊದಲ ಎರಡು ಹೆಸರುಗಳಿಗೆ ಕಥೆಯಲ್ಲಿಯೂ ಅರ್ಥವಿದೆ: ಮೊದಲನೆಯದರಲ್ಲಿ ನೀವು ಎದುರಾಳಿ ಪಡೆಯ ಸೈನಿಕ, ಎರಡನೆಯದರಲ್ಲಿ ನೀಲಿ ಸಮವಸ್ತ್ರದ ಕಾವಲುಗಾರ.

ಚಲನಶಾಸ್ತ್ರದ ಪಾಠಕ್ಕಾದರೆ ‘ಹಾಫ್-ಲೈಫ್ 2’ ಹೆಚ್ಚು ಉಪಯುಕ್ತ. ಐರ್ಲೆಂಡಿನ ಹ್ಯಾವಕ್ ಸಂಸ್ಥೆಯ ತಂತ್ರಾಂಶವನ್ನು ಆಧರಿಸಿದ ಅದರ ಭೌತವ್ಯವಸ್ಥೆಯಲ್ಲಿ ವಸ್ತುಗಳಿಗೆ ತೂಕವಿದೆ, ಘರ್ಷಣೆಯಿದೆ, ನೀರಿನಲ್ಲಿ ತೇಲುವ ಗುಣವಿದೆ. ಕಾಲುವೆಯ ಭಾಗದಲ್ಲಿ ಏರುಹಲಗೆಯ ಒಂದು ತುದಿಗೆ ಕಾಂಕ್ರೀಟ್ ಇಟ್ಟಿಗೆಗಳನ್ನು ಪೇರಿಸಿದರೆ ಇನ್ನೊಂದು ತುದಿ ಮೇಲೇರಿ ನಿಮಗೆ ದಾರಿಯಾಗುತ್ತದೆ; ಇನ್ನೊಂದು ಕಡೆ ಖಾಲಿ ಪೀಪಾಯಿಗಳನ್ನು ನೀರಿನಡಿಗೆ ನೂಕಿ ಹಲಗೆಯನ್ನು ತೇಲಿಸಬೇಕು. ಸನ್ನೆಗೋಲು ಮತ್ತು ಪ್ಲವನಬಲದ ಪಾಠಗಳಿವು. ವಸ್ತುಗಳನ್ನು ಸೆಳೆದು ಎಸೆಯುವ ‘ಗ್ರ್ಯಾವಿಟಿ ಗನ್’ ಮಾತ್ರ ಶುದ್ಧ ಕಲ್ಪನೆ. ಆದರೂ ಅದನ್ನು ಬಳಸಲು ಕಲಿಸುವ ರೀತಿ ನನಗೆ ಬಹಳ ಪ್ರಿಯ. ಡಾಗ್ (ನಾಯಿ) ಎಂಬ ಹೆಸರಿನ ದೈತ್ಯ ಯಂತ್ರವೊಂದು ನಿಮ್ಮೊಡನೆ ಚೆಂಡಾಟಕ್ಕೆ ನಿಲ್ಲುತ್ತದೆ. ಹಿಡಿದು ಎಸೆದು ಹಿಡಿಯುವಷ್ಟರಲ್ಲಿ ಪಾಠ ಮುಗಿದಿರುತ್ತದೆ. ಆಟವನ್ನು ತರಗತಿಯಲ್ಲಿ ತೋರಿಸುವ ಮುನ್ನ ಮುಂದಿನ ಉತ್ತರವನ್ನು ದಯವಿಟ್ಟು ಓದಿ. ಮಕ್ಕಳೆದುರು ಆಯ್ದ ದೃಶ್ಯಗಳನ್ನಷ್ಟೇ ಇಡುವುದು ಸರಿ.

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಗೆಳೆಯನ ಮನೆಯಲ್ಲಿ ಈ ಆಟವನ್ನು ನೋಡಿ ಬಂದು ತನಗೂ ಬೇಕೆಂದು ಹಟ ಹಿಡಿದಿದ್ದಾನೆ. ಕೊಡಿಸಬಹುದೇ?
– ತಂದೆಯೊಬ್ಬರು, ಹುಬ್ಬಳ್ಳಿ

ಉತ್ತರ: ಈಗ ಬೇಡ. ಅಮೆರಿಕದ ಆಟಗಳ ಶ್ರೇಣೀಕರಣ ವ್ಯವಸ್ಥೆ ಈ ಎರಡೂ ಆಟಗಳನ್ನು 17 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಎಂದು ಗುರುತಿಸಿದೆ. ರಕ್ತಪಾತವಿದೆ, ಎರಡನೆಯದರಲ್ಲಿ ರೇವನ್‌ಹೋಮ್ ಎಂಬ ಊರಿನ ಅಧ್ಯಾಯ ದೊಡ್ಡವರಿಗೂ ನಡುಕ ಹುಟ್ಟಿಸುವಂತಿದೆ. ಮೊದಲ ಆಟದ ಜರ್ಮನ್ ಆವೃತ್ತಿಯಲ್ಲಿ ಮನುಷ್ಯ ಸೈನಿಕರ ಬದಲು ಯಂತ್ರಮಾನವರನ್ನು ನಿಲ್ಲಿಸಬೇಕಾಗಿ ಬಂದಿತ್ತೆಂಬುದನ್ನು ಗಮನಿಸಿದರೆ, ಈ ಚಿಂತೆ ನಿಮ್ಮೊಬ್ಬರದಲ್ಲ ಎಂದು ತಿಳಿಯುತ್ತದೆ.

ಮಗನಿಗೆ ‘ಇಲ್ಲ’ ಎಂದಷ್ಟೇ ಹೇಳಿ ಬಿಡಬೇಡಿ. ಇದೇ ಸಂಸ್ಥೆಯ ‘ಪೋರ್ಟಲ್’ ಎಂಬ ಆಟ 2007ರಲ್ಲಿ ಬಂದದ್ದು, ಹದಿಹರೆಯದವರಿಗೆ ತಕ್ಕದ್ದು. ಅದರಲ್ಲಿ ಕೈಯಲ್ಲಿರುವ ಉಪಕರಣ ಗುಂಡು ಹಾರಿಸುವುದಿಲ್ಲ. ಗೋಡೆಯಲ್ಲಿ ಎರಡು ದ್ವಾರಗಳನ್ನು ತೆರೆಯುತ್ತದೆ, ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಬರುತ್ತೀರಿ. ಕಥೆ ‘ಹಾಫ್-ಲೈಫ್’ನ ಲೋಕಕ್ಕೇ ಸೇರಿದೆ. ಮೊದಲ ಕೆಲವು ಕೋಣೆಗಳನ್ನು ನೀವಿಬ್ಬರೂ ಸೇರಿಯೇ ಬಿಡಿಸಿ ನೋಡಿ.

ಮಗ ದೊಡ್ಡವನಾದ ಮೇಲೆ ‘ಹಾಫ್-ಲೈಫ್’ ಆಡಿದರೆ, ಅವನೊಡನೆ ಮಾತಾಡಲು ಒಂದು ವಿಷಯವಿದೆ. ಮೊದಲ ಆಟದಲ್ಲಿ ಮಿಂಚು ಹಾಯಿಸುವ ವೋರ್ಟಿಗಾಂಟ್ ಎಂಬ ಜೀವಿಗಳನ್ನು ನಾವು ಶತ್ರುಗಳೆಂದು ಹೊಡೆಯುತ್ತ ಹೋಗುತ್ತೇವೆ. ಅವುಗಳ ಕೊರಳಲ್ಲೂ ಕೈಯಲ್ಲೂ ಬೇಡಿಗಳಿರುವುದು ತೆರೆಯ ಮೇಲೆ ಕಾಣುತ್ತಲೇ ಇರುತ್ತದೆ, ನಾವು ನೋಡಿರುವುದಿಲ್ಲ. ಎರಡನೆಯ ಆಟದಲ್ಲಿ ಅವೇ ಜೀವಿಗಳು ಬೇಡಿ ಕಳಚಿಕೊಂಡು ನಮ್ಮ ಬೆನ್ನಿಗೆ ನಿಲ್ಲುತ್ತವೆ, ಗಾರ್ಡನ್‌ನನ್ನು ಬಿಡುಗಡೆ ತಂದವನೆಂದು ಗೌರವಿಸುತ್ತವೆ. ಗುಲಾಮರನ್ನು ಕೊಂದದ್ದು ನಾನು ಎಂಬ ಅರಿವು ಆರು ವರ್ಷಗಳ ಬಳಿಕ ನನಗೆ ಬಂದಾಗ, ಆ ಸಂಜೆ ಮುಂದೆ ಆಡಲಾಗಲಿಲ್ಲ.

ಪ್ರಶ್ನೆ: ಅರ್ಧ ಗಂಟೆ ಆಡಿದರೆ ತಲೆ ಸುತ್ತಿ ವಾಕರಿಕೆ ಬರುತ್ತದೆ. ಏನು ಮಾಡಲಿ?
– ಗೃಹಿಣಿ, ಉಡುಪಿ

ಉತ್ತರ: ಕಣ್ಣು ‘ನಾನು ಓಡುತ್ತಿದ್ದೇನೆ’ ಎನ್ನುತ್ತದೆ, ಒಳಕಿವಿ ‘ಕುಳಿತಿದ್ದೇನೆ’ ಎನ್ನುತ್ತದೆ, ಈ ವೈರುಧ್ಯದಿಂದ ಹೀಗಾಗುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ಆಗುವುದು ಇದರ ತಿರುವುಮುರುವು. ‘ಹಾಫ್-ಲೈಫ್ 2’ನಲ್ಲಿ ನೋಟದ ಅಗಲ 75 ಡಿಗ್ರಿಗೆ ನಿಗದಿಯಾಗಿರುತ್ತದೆ, ಆಯ್ಕೆಗಳ ಪಟ್ಟಿಯಲ್ಲಿ ಅದನ್ನು 90ಕ್ಕೆ ಏರಿಸಿದರೆ ಹಲವರಿಗೆ ಹಿತವಾಗುತ್ತದೆ. ಕೋಣೆಯ ದೀಪ ಉರಿಯುತ್ತಿರಲಿ, ಪರದೆಯಿಂದ ಸ್ವಲ್ಪ ಹಿಂದೆ ಕುಳಿತುಕೊಳ್ಳಿ, ತಲೆ ಸುತ್ತಲು ಆರಂಭವಾದೊಡನೆ ನಿಲ್ಲಿಸಿ. ಸಹಿಸಿಕೊಂಡು ಆಡಿದರೆ ಅಭ್ಯಾಸವಾಗುತ್ತದೆ ಎಂಬ ಸಲಹೆಯನ್ನು ಕೇಳಬೇಡಿ.

ಪ್ರಶ್ನೆ: ಮೂರನೆಯ ಭಾಗ ಏಕೆ ಬರಲಿಲ್ಲ? ಕಥೆಯನ್ನು ಅರ್ಧಕ್ಕೆ ನಿಲ್ಲಿಸುವುದು ಓದುಗರಿಗೆ, ಕ್ಷಮಿಸಿ, ಆಟಗಾರರಿಗೆ ಮಾಡುವ ಮೋಸವಲ್ಲವೇ?
– ಬ್ಯಾಂಕ್ ಉದ್ಯೋಗಿ, ದುಬೈ

ಉತ್ತರ: ನಿಮ್ಮ ನೋವು ನನಗೂ ಇದೆ. ಎರಡನೆಯ ಆಟದ ಬಳಿಕ ಕಥೆಯನ್ನು ಚಿಕ್ಕ ಚಿಕ್ಕ ಕಂತುಗಳಲ್ಲಿ ಮುಂದುವರಿಸುವ ಯೋಜನೆಯಿತ್ತು. ಮೊದಲ ಕಂತು 2006ರಲ್ಲಿ, ಎರಡನೆಯದು 2007ರ ಅಕ್ಟೋಬರಿನಲ್ಲಿ ಬಂದವು. ಎರಡನೆಯ ಕಂತು ಮುಗಿಯುವುದು ಮಗಳ ಕಣ್ಣೆದುರೇ ಈಲೈ ವ್ಯಾನ್ಸ್‌ನ ಸಾವಿನಿಂದ. ಅಲಿಕ್ಸ್ ತಂದೆಯ ದೇಹವನ್ನು ತಬ್ಬಿ ಅಳುತ್ತಿರುವಾಗಲೇ ತೆರೆ ಕಪ್ಪಾಗುತ್ತದೆ. ಮೂರನೆಯ ಕಂತು ಬರಲೇ ಇಲ್ಲ.

2016ರಲ್ಲಿ ವಾಲ್ವ್ ಬಿಟ್ಟಿದ್ದ ಲೈಡ್‌ಲಾ ಅವರು ಮರುವರ್ಷದ ಆಗಸ್ಟಿನಲ್ಲಿ ತಮ್ಮ ಜಾಲತಾಣದಲ್ಲಿ ಒಂದು ಪತ್ರರೂಪದ ಕಥೆಯನ್ನು ಪ್ರಕಟಿಸಿದರು. ಪಾತ್ರಗಳ ಹೆಸರುಗಳನ್ನು ಬದಲಿಸಿದ್ದರೂ, ಬರಬೇಕಾಗಿದ್ದ ಮೂರನೆಯ ಕಂತಿನ ಎಳೆ ಅದೆಂದು ಆಟಗಾರರು ಕೂಡಲೇ ಗುರುತಿಸಿದರು. 2020ರ ಮಾರ್ಚಿನಲ್ಲಿ ವಿ.ಆರ್. (ವರ್ಚುವಲ್ ರಿಯಾಲಿಟಿ) ಕನ್ನಡಕ ತೊಟ್ಟು ಆಡುವ ‘ಹಾಫ್-ಲೈಫ್: ಅಲಿಕ್ಸ್’ ಬಂತು. ಅದರ ಕಥೆ ಎರಡನೆಯ ಆಟಕ್ಕಿಂತ ಹಿಂದಿನದು. ಆದರೂ ಅದರ ಕೊನೆ 2007ರ ಆ ಸಾವನ್ನೇ ಅಳಿಸಿ, ತಂದೆಯನ್ನು ಉಳಿಸಿ, ಬದಲಿಗೆ ಮಗಳನ್ನು ಜಿ-ಮ್ಯಾನ್‌ನ ವಶಕ್ಕೆ ಒಪ್ಪಿಸುತ್ತದೆ. ಹಾಗಾಗಿ ಕಥೆ ನಿಂತಲ್ಲೇ ನಿಂತಿಲ್ಲ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಿದೆ.

ಎರಡನೆಯ ಆಟಕ್ಕೆ 20 ವರ್ಷ ತುಂಬಿದ 2024ರಲ್ಲಿ ವಾಲ್ವ್ ಹೊರತಂದ ಸಾಕ್ಷ್ಯಚಿತ್ರದಲ್ಲಿ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಗೇಬ್ ನ್ಯೂವೆಲ್ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ. ಕಥೆಯನ್ನು ಮುಂದಕ್ಕೊಯ್ಯುವುದೊಂದೇ ಹೊಸ ಆಟಕ್ಕೆ ಸಾಲುವ ಕಾರಣವಲ್ಲ, ಆಟದ ಕಲೆಯನ್ನು ಮುಂದಕ್ಕೊಯ್ಯುವ ಯಾವ ಹೊಸತೂ ತಮಗೆ ಆಗ ಹೊಳೆಯಲಿಲ್ಲ ಎಂಬುದು ಅವರ ಮಾತಿನ ತಿರುಳು. ಇದನ್ನು ಮೋಸ ಎನ್ನಲು ನನಗೆ ಮನಸ್ಸು ಬಾರದು. ಆದರೆ ಒಪ್ಪಲೂ ಆಗದು. ಕಾದವರಲ್ಲಿ ಹೆಚ್ಚಿನವರಿಗೆ ಹೊಸ ತಂತ್ರಜ್ಞಾನ ಬೇಕಿರಲಿಲ್ಲ, ಅಲಿಕ್ಸ್‌ಳ ಅಳು ಯಾವಾಗ ನಿಂತಿತು ಎಂದು ತಿಳಿಯಬೇಕಿತ್ತು. ತಮ್ಮ ಕಥೆಗಾರನನ್ನು ಅವನ ಓದುಗರು ನಂಬಿದಷ್ಟು ಸಂಸ್ಥೆ ನಂಬಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಪ್ರಶ್ನೆ: ಇಂಥ ಆಟವೊಂದನ್ನು ಕನ್ನಡದಲ್ಲಿ ಮಾಡಬೇಕೆಂಬ ಆಸೆ. ಕಥೆ ಬರೆಯಲು ಬರುತ್ತದೆ, ಪ್ರೋಗ್ರಾಮಿಂಗ್ ಸ್ವಲ್ಪ ಗೊತ್ತು. ಎಲ್ಲಿಂದ ಆರಂಭಿಸಲಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಮೊದಲು ಅವರು ಎಲ್ಲಿಂದ ಆರಂಭಿಸಿದರು ಎಂಬುದನ್ನು ಕೇಳಿ. ಮೈಕ್ರೋಸಾಫ್ಟ್ ಬಿಟ್ಟು ಬಂದ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ 1996ರಲ್ಲಿ ವಾಲ್ವ್ ಸ್ಥಾಪಿಸಿದರು. ‘ಹಾಫ್-ಲೈಫ್’ ಅವರ ಮೊದಲ ಆಟ. ಎಂಜಿನ್, ಅಂದರೆ ಆಟವನ್ನು ನಡೆಸುವ ಮೂಲ ತಂತ್ರಾಂಶ, ಕೂಡ ತಮ್ಮದಲ್ಲ. ಇಡ್ ಸಾಫ್ಟ್‌ವೇರ್ ಸಂಸ್ಥೆಯ ‘ಕ್ವೇಕ್’ ಆಟದ್ದನ್ನು ಪರವಾನಗಿ ಪಡೆದು ತಿದ್ದಿಕೊಂಡರು. 1997ರ ಕೊನೆಗೆ ಆಟವನ್ನು ಬಿಡುಗಡೆ ಮಾಡುವುದೆಂದಿತ್ತು. ಮುಗಿಯುತ್ತ ಬಂದದ್ದನ್ನು ಕುಳಿತು ನೋಡಿದಾಗ ಅದು ಚೆನ್ನಾಗಿಲ್ಲವೆಂದು ಅವರಿಗೇ ಅನ್ನಿಸಿತು. ಆಗ ಅವರು ಮಾಡಿದ ಕೆಲಸ ನಿಮಗೆ ಮಾದರಿಯಾಗಬೇಕು: ಅದುವರೆಗೆ ಮಾಡಿದ್ದರಲ್ಲಿ ರುಚಿಕಟ್ಟಾದದ್ದನ್ನೆಲ್ಲ ಆಯ್ದು ಒಂದೇ ಒಂದು ಹಂತದಲ್ಲಿ ಕೂಡಿಸಿದರು, ಆ ಹಂತವನ್ನು ಎಲ್ಲರೂ ಆಡಿದರು, ಅದು ಏಕೆ ಚೆನ್ನಾಗಿದೆ ಎಂದು ಬಿಡಿಸಿ ನೋಡಿದರು, ಬಳಿಕ ಉಳಿದುದೆಲ್ಲವನ್ನೂ ಹೊಸದಾಗಿ ಕಟ್ಟಿದರು.

ತಂಡದಲ್ಲಿದ್ದ ಕೆನ್ ಬರ್ಡ್‌ವೆಲ್ ಆ ದಿನಗಳ ಬಗ್ಗೆ ಬರೆದಿರುವುದರಲ್ಲಿ ಮೂರು ವಿಚಾರಗಳು ಕಥೆಗಾರನಿಗೆ ನೇರವಾಗಿ ಸಲ್ಲುತ್ತವೆ. ಘಟನೆಗಳು ಗಡಿಯಾರಕ್ಕೆ ಕಟ್ಟುಬೀಳಬಾರದು, ಆಟಗಾರ ನಡೆದ ದೂರಕ್ಕೆ ಕಟ್ಟುಬೀಳಬೇಕು. ನಿಂತು ನೋಡುವವನಿಗೆ ನಿಲ್ಲುವ ಬಿಡುವು, ಮುಂದೆ ಹೋಗುವವನಿಗೆ ಹೊಸ ಸಂಗತಿ. ಆಟಗಾರ ಇದ್ದಾನೆಂಬುದನ್ನು ಲೋಕ ಒಪ್ಪಿಕೊಳ್ಳಬೇಕು. ಗೋಡೆಗೆ ಗುಂಡು ಹಾರಿಸಿದರೆ ಗುರುತು ಉಳಿಯಬೇಕು, ಎದುರಿಗೆ ಬಂದವರು ತಿರುಗಿ ನೋಡಬೇಕು. ಸೋತಾಗ ಆಟಗಾರ ಆಟವನ್ನು ಬೈಯುವಂತಾಗಬಾರದು. ಮುನ್ಸೂಚನೆ ಇತ್ತು, ನಾನೇ ಗಮನಿಸಲಿಲ್ಲ ಎಂದು ಅವನಿಗೆ ಅನ್ನಿಸಬೇಕು. ಲೋಕ ಗುರುತಿಟ್ಟುಕೊಳ್ಳುವುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆಯೊಂದಿದೆ. ಮೊದಲ ಆಟದ ವಿಶ್ರಾಂತಿ ಕೋಣೆಯಲ್ಲಿ ಯಾರದೋ ತಿಂಡಿ ಮೈಕ್ರೋವೇವಿನಲ್ಲಿ ಬಿಸಿಯಾಗುತ್ತಿರುತ್ತದೆ. ಗುಂಡಿ ಒತ್ತುತ್ತ ಹೋದರೆ ಅದು ಸಿಡಿದು ಹಾಳಾಗುತ್ತದೆ. 2007ರ ಕಂತಿನಲ್ಲಿ ಸಿಗುವ ಡಾಕ್ಟರ್ ಮ್ಯಾಗ್ನಸನ್, ಈ ಕೆಲಸ ಮಾಡಿಕೊಟ್ಟರೆ ಆ ದಿನದ ನನ್ನ ತಿಂಡಿಯ ವಿಷಯವನ್ನು ಮನ್ನಿಸುತ್ತೇನೆ ಎನ್ನುತ್ತಾನೆ. ಒಂಬತ್ತು ವರ್ಷದ ಹಿಂದಿನ ಚೇಷ್ಟೆ!

ಒಬ್ಬರಿಬ್ಬರ ಕೈಯಲ್ಲಿ ಏನಾದೀತು ಎಂದು ಕುಗ್ಗಬೇಡಿ. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಒಂದು ಕಾಲಕ್ಕೆ ಹುಡುಗರು ಗಂಟೆಗಟ್ಟಲೆ ಆಡುತ್ತಿದ್ದ ‘ಕೌಂಟರ್-ಸ್ಟ್ರೈಕ್’, ಮಿನ್ ಲೇ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ‘ಹಾಫ್-ಲೈಫ್’ನ ಮೇಲೆಯೇ 1999ರಲ್ಲಿ ಕಟ್ಟಿದ ಮಾಡ್, ಅಂದರೆ ಇದ್ದ ಆಟವನ್ನು ತಿದ್ದಿ ಮಾಡಿದ ಹೊಸ ಆಟ, ಆಗಿತ್ತು. ಮೇಲೆ ಹೇಳಿದ ‘ಪೋರ್ಟಲ್’ನ ಬೀಜ ಅಮೆರಿಕದ ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳ ಪ್ರಾಜೆಕ್ಟ್, ವಾಲ್ವ್ ಆ ತಂಡವನ್ನೇ ಕೆಲಸಕ್ಕೆ ಸೇರಿಸಿಕೊಂಡಿತು. ಮೊದಲ ಆಟವನ್ನು ಅಭಿಮಾನಿಗಳ ತಂಡವೊಂದು ಹೊಸ ಎಂಜಿನ್‌ನಲ್ಲಿ ‘ಬ್ಲ್ಯಾಕ್ ಮೆಸಾ’ ಎಂಬ ಹೆಸರಿನಲ್ಲಿ ಮತ್ತೆ ಕಟ್ಟಿ 2012ರಲ್ಲಿ ಉಚಿತವಾಗಿ ಕೊಟ್ಟಿತು. ಜೆನ್ ಲೋಕದ ಅಧ್ಯಾಯಗಳೂ ಸೇರಿ ಪೂರ್ಣವಾಗಲು 2020ರವರೆಗೆ ದುಡಿಯಿತು.

ಕನ್ನಡಕ್ಕೆ ಬಂದರೆ ನಿಮಗೆ ಎದುರಾಗುವ ಮೊದಲ ತೊಡಕು ಲಿಪಿಯದು. ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸಲಾರದ ಎಂಜಿನ್‌ನಲ್ಲಿ ‘ಸ್ತ್ರೀ’ ಎಂಬುದು ಚೂರುಚೂರಾಗಿ ಕಾಣುತ್ತದೆ. ಮುಕ್ತ ತಂತ್ರಾಂಶವಾದ ಗೊಡೊ ಎಂಜಿನ್‌ನ 4ನೆಯ ಆವೃತ್ತಿಯಲ್ಲಿ ಸಂಕೀರ್ಣ ಲಿಪಿಗಳಿಗೆ ಬೆಂಬಲವಿದೆ, ಹಣ ಕೊಡಬೇಕಾಗಿಲ್ಲ. ಯೂನಿಕೋಡ್ ಫಾಂಟನ್ನು ಸೇರಿಸಿ ಮೊದಲ ದಿನವೇ ನಿಮ್ಮ ಸಂಭಾಷಣೆಯ ಹತ್ತು ಸಾಲುಗಳನ್ನು ತೆರೆಯ ಮೇಲೆ ಮೂಡಿಸಿ ಪರೀಕ್ಷಿಸಿಕೊಳ್ಳಿ.

ಆಮೇಲೆ ಇಡೀ ಕಥೆಯನ್ನು ಬದಿಗಿಟ್ಟು ಒಂದು ಓಣಿ, ಎರಡು ಕೋಣೆ ಕಟ್ಟಿ. ಆಟಗಾರ ಆ ಓಣಿಯನ್ನು ಎರಡು ಸಲ ಹಾಯಬೇಕು. ನಡುವೆ ಏನೋ ನಡೆದಿದೆ ಎಂಬುದು ಒಂದು ಅಕ್ಷರವೂ ಇಲ್ಲದೆ ಅವನಿಗೆ ತಿಳಿಯಬೇಕು. ಮುಗಿದ ಮೇಲೆ ಇಂಥ ಆಟವನ್ನು ಎಂದೂ ಮುಟ್ಟದ ಯಾರನ್ನಾದರೂ ಕೂರಿಸಿ ಆಡಿಸಿ. ವಾಲ್ವ್‌ನವರು ಹೊರಗಿನ ಆಟಗಾರರನ್ನು ಕರೆಸಿ ಎರಡೆರಡು ಗಂಟೆ ಆಡಿಸುತ್ತಿದ್ದಾಗ, ಹಂತವನ್ನು ಕಟ್ಟಿದವರು ಹಿಂದೆ ಕುಳಿತು ಬರೆದುಕೊಳ್ಳಬೇಕಾಗಿತ್ತೇ ಹೊರತು ಒಂದು ಮಾತನ್ನೂ ಆಡುವಂತಿರಲಿಲ್ಲ. ನೀವೂ ಹಾಗೆಯೇ ಕುಳಿತುಕೊಳ್ಳಿ. ಅವರು ಎಲ್ಲಿ ನಿಂತರು, ಎಲ್ಲಿ ತಿರುಗಿ ನೋಡಿದರು, ನೀವು ಬಹಳ ಶ್ರಮಪಟ್ಟು ಇಟ್ಟ ಯಾವ ವಸ್ತುವನ್ನು ನೋಡದೆಯೇ ದಾಟಿಹೋದರು ಎಂಬುದನ್ನು ಬರೆದುಕೊಂಡು, ಆ ವಸ್ತುವನ್ನು ಎಲ್ಲಿಗೆ ಸರಿಸಬೇಕೆಂದು ಮರುದಿನ ಯೋಚಿಸಿ.